ಹೆಸರಿನ ಕಾಲಂ

ಅಂಗಡಿಯ ಶಟರ್ ಎಳೆದು, ರಿಪೇರಿಗೆ ಬಂದ ಮಿಕ್ಸಿಗಳನ್ನು
ಗೋಡೆಗೆ ಮುಖ ಮಾಡಿ ಕೂರಿಸಿ,
ರಾತ್ರಿ ಒಂಬತ್ತೂವರೆಗೆ ಕಂಕನಾಡಿಯಲ್ಲಿ ನಾನು
ಪಟ್ಟಿ ತೆರೆಯುತ್ತೇನೆ.
ಸಂಬಳವಿಲ್ಲದ ಕೆಲಸ. ಒಟ್ಟು ನಾಲ್ವರು,
ಗಾಳಿಯಲ್ಲಿ ಯಾರು ಎಲ್ಲಿ ಮಾತಾಡುತ್ತಾರೆಂದು
ಕೇಳಿ ಬರೆದಿಡುವವರು.

ಸಾವಿರದ ಮುನ್ನೂರು ಸಾಲು.
ಅಂಕಿಯಲ್ಲಿ ಜಗಳವಿಲ್ಲ: ನೂರ ಐವತ್ತಾರು ದಶಾಂಶ ಎಂಟು
ಯಾರು ತಿರುಗಿಸಿದರೂ ನೂರ ಐವತ್ತಾರು ದಶಾಂಶ ಎಂಟೇ.
ಜಗಳ ಪಕ್ಕದ ಕಾಲಂನದು.

ಐರಿನ್ ಬಾಯಿ ಬರೆದದ್ದು ಕೊಡಿಯಾಲ್ ಪೋರ್ಟ್.
ಉಳ್ಳಾಲದ ಮೊಯ್ದಿನಬ್ಬ, ಮೈಕಾಲ ಬಂದರ್.
ಲೋಕಯ್ಯ ಕುಡ್ಲ ಎಂದು ಬರೆದು, ಮುಂದೆ ಚುಕ್ಕಿಯಿಟ್ಟು
ಬಂ. ನಿ.
ಅದು ಬಂದರು ನಿಯಂತ್ರಣವೋ ಬಂಟ್ವಾಳ ನಿಲ್ದಾಣವೋ
ಅವನಿಗೇ ಈಗ ನೆನಪಿಲ್ಲ.
ಹುಡುಕಿದವನಿಗೆ ಒಂದೇ ಬಂದರು ಮೂರು ಊರಾಗಿ ಸಿಗುತ್ತಿತ್ತು,
ಮೂರು ಕಡೆಯೂ ಅರ್ಧರ್ಧ ಮಾಹಿತಿ.

ಹಾಗೆ ಒಂದು ಭಾನುವಾರ, ಗೋಳಿಬಜೆಯ ತಟ್ಟೆಯ ಸುತ್ತ
ನಿಯಮ ಹುಟ್ಟಿತು.
ಮೊದಲು ಊರು, ಸರಕಾರದ ಫಲಕದಲ್ಲಿ ಇದ್ದ ಹಾಗೆ.
ಮತ್ತೆ ಯಾರದು, ಮತ್ತೆ ಎಂತಕ್ಕೆ.
ಚುಕ್ಕಿಯಿಟ್ಟು ಮೊಟಕು ಮಾಡುವಂತಿಲ್ಲ.
ಕೇಳದ್ದನ್ನು ಊಹಿಸಿ ಬರೆಯುವಂತಿಲ್ಲ.
"ಆದರೆ ಮಂಗಳೂರು ಅಂತ ನಮ್ಮ ಮನೆಯಲ್ಲಿ
ಯಾರೂ ಹೇಳುವುದಿಲ್ಲ ಮಾರಾಯ" ಎಂದ ಮೊಯ್ದಿನಬ್ಬ.
ನಮ್ಮಲ್ಲೂ ಇಲ್ಲ ಎಂದರು ಉಳಿದವರಿಬ್ಬರು.
ಯಾರ ಮನೆಯದೂ ಅಲ್ಲ ಎಂಬ ಕಾರಣಕ್ಕೇ
ಅದು ಗೆದ್ದಿತು.

ತಿದ್ದುವುದರಲ್ಲಿ ಒಂದು ಸುಖ ಉಂಟು, ಒಪ್ಪುತ್ತೇನೆ.
ಮೊರದಲ್ಲಿ ಅಕ್ಕಿ ಹರವಿ ಕಲ್ಲು ಆರಿಸುವ ಸುಖ;
ಕಲ್ಲು ಸಿಗದಿದ್ದರೆ ಸ್ವಲ್ಪ ಬೇಸರವೂ ಆಗುತ್ತದೆ.

ಎಂಟುನೂರ ಹನ್ನೊಂದನೇ ಸಾಲಿನಲ್ಲಿ ಬೆರಳು ನಿಂತಿತು.
ಹೆಸರು: ದೂಮಣ್ಣ.
ಅಷ್ಟೇ. ಊರಿಲ್ಲ, ಇಲಾಖೆಯಿಲ್ಲ, ಉದ್ದೇಶವಿಲ್ಲ.
ಅಳಿಸಿ ಬರೆದೆ: ಮಂಗಳೂರು, ಮೀನುಗಾರಿಕೆ, ದೋಣಿಯಿಂದ ದೋಣಿಗೆ.
ಮರುದಿನ ನೋಡಿದರೆ ದೂಮಣ್ಣ.
ತಿದ್ದಿದೆ. ಮತ್ತೆ ದೂಮಣ್ಣ.
ಯಾರ ಕೆಲಸವೆಂದು ತೆಗೆದು ನೋಡಿದರೆ, ಲೋಕಯ್ಯ.

ಬೈಯಲೆಂದು ಫೋನು ಎತ್ತಿಕೊಂಡವಳು ಬೈಯದೆ
ಬೆಳಿಗ್ಗೆ ಐದಕ್ಕೆ ದಕ್ಕೆಗೆ ಹೋದೆ.
ಐಸ್ ಪುಡಿ ಮಾಡುವ ಯಂತ್ರ ಕಿವಿ ಕೊರೆಯುತ್ತಿತ್ತು.
ಬೋಟಿನಿಂದ ಬಂಗುಡೆಯ ಬುಟ್ಟಿ ದಾಟಿಸುತ್ತಿದ್ದ
ಒಡಿಶಾದ ಹುಡುಗನಿಗೆ ಅಂಕಿ ತೋರಿಸಿ ಕೇಳಿದೆ,
ಇದು ಯಾವ ಚಾನೆಲ್?
"ದೂಮಣ್ಣ."
ದೂಮಣ್ಣ ಅಂದರೆ ಯಾರು?
"ಗೊತ್ತಿಲ್ಲ ಅಕ್ಕ. ನಾನು ಬರುವಾಗಲೇ ಹಾಗೆ.
ಎಂಜಿನ್ ನಿಂತರೆ ದೂಮಣ್ಣಕ್ಕೆ ಹಾಕು ಅಂತಾರೆ.
ಹಾಕಿದರೆ ಯಾರಾದರೂ ಮಾತಾಡ್ತಾರೆ."

ಬಲೆ ಹೊಲಿಯುತ್ತಿದ್ದ ಮುದುಕ ತಲೆಯೆತ್ತದೆ ಹೇಳಿದ:
ಬೆಂಗ್ರೆಯಲ್ಲಿ ಇದ್ದ. ಮೊಣಕಾಲು ಹೋದ ಮೇಲೆ
ಕಡಲಿಗೆ ಹೋಗಲಿಲ್ಲ. ಸೆಟ್ಟು ತಲೆದೆಸೆಯಲ್ಲಿಟ್ಟು
ಎಷ್ಟು ಹೊತ್ತಿಗೆ ಕರೆದರೂ, ಹೇಳು, ಎನ್ನುತ್ತಿದ್ದ.

ಆದರೆ ನನ್ನನ್ನು ಹಿಡಿದದ್ದು ಹುಡುಗನ ಮಾತು.
ದೂಮಣ್ಣನಿಗೆ ಅಲ್ಲ, ದೂಮಣ್ಣಕ್ಕೆ.
ಹೊಸದಾಗಿ ಕನ್ನಡ ಕಲಿತವನ ತಪ್ಪೆಂದುಕೊಂಡೆ,
ಹಿಂದಿನಿಂದ ತಂಡೇಲನೂ ಹಾಗೇ ಕೂಗಿದ.
ಮನುಷ್ಯನ ವಿಭಕ್ತಿ ಯಾವಾಗಲೋ ಕಳಚಿ ಬಿದ್ದು
ಜಾಗದ ವಿಭಕ್ತಿ ಹತ್ತಿತ್ತು.
ಮಲ್ಪೆಗೆ, ಸುರತ್ಕಲ್‌ಗೆ, ದೂಮಣ್ಣಕ್ಕೆ.
ಮೊದಲು ಊರು ಎಂದು ನಾವೇ ಬರೆದಿದ್ದೆವಲ್ಲ.

ಆ ರಾತ್ರಿ ನಿಯಮವನ್ನೇನೂ ಮುರಿಯಲಿಲ್ಲ.
ಎಂಟುನೂರ ಹನ್ನೊಂದು ಈಗಲೂ
ಮಂಗಳೂರು, ಮೀನುಗಾರಿಕೆ, ದೋಣಿಯಿಂದ ದೋಣಿಗೆ.
ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದೆ,
ತಲೆಬರಹ: ಕರೆಯುವ ಹೆಸರು.
ಅದರಲ್ಲಿ ಮೊದಲು ಕೂತವನು ಅವನು.

ವಾರದೊಳಗೆ ಕೊಡಿಯಾಲ್, ಮೈಕಾಲ, ಕುಡ್ಲ
ಎಲ್ಲವೂ ಚಪ್ಪಲಿ ಬಿಟ್ಟು ಒಳಗೆ ಬಂದವು.
ನಿನ್ನೆ ಐರಿನ್ ಬಾಯಿಯ ಫೋನು:
ಕೊಡಿಯಾಲ್ ಎಂದು ಒಬ್ಬರು, ಕೊಡಿಯಾಳ್ ಎಂದು ಒಬ್ಬರು
ಬರೆಯುತ್ತಿದ್ದಾರೆ, ಹೀಗಾದರೆ ಹೇಗೆ,
ಆ ಕಾಲಂಗೂ ಒಂದು ನಿಯಮ ಬೇಡವಾ?

ಈ ಭಾನುವಾರ ಗೋಳಿಬಜೆ ಯಾರು ತರುವುದು
ಎಂದಷ್ಟೇ ಕೇಳಿದೆ.